ಉತ್ತರ ಬರುವವರೆಗಿನ ದಿನಗಳು

ಕೆಟ್ಟ ಸುದ್ದಿ ಬಂದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅಮ್ಮನ ಎದೆಯಲ್ಲಿ ಸಣ್ಣ ಗಂಟೊಂದು ಕಾಣಿಸಿಕೊಂಡಿತ್ತು. ಅದರ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದರು. ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇರಲಿಲ್ಲ. ಮಾತಿನ ಮಧ್ಯೆ ಎಲ್ಲರೂ ಸುಮ್ಮನಾಗಿಬಿಡುತ್ತಿದ್ದೆವು. ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತಿತ್ತು. ರಾತ್ರಿ ಮಗ್ಗಲು ಬದಲಿಸುತ್ತಾ, ಇನ್ನೂ ಬಾರದ ವರದಿಯನ್ನು ಹತ್ತಾರು ರೀತಿಯಲ್ಲಿ ಓದುತ್ತಿದ್ದೆ. ಕೊನೆಗೆ ವರದಿ ಬಂತು. ಕ್ಯಾನ್ಸರ್ ಹೌದು. ಆ ಸಂಜೆ ನಾವೆಲ್ಲ ಅತ್ತೆವು. ಆಮೇಲೆ ಕೂತು ಮಾತಾಡಿದೆವು. ಯಾವ ವೈದ್ಯರನ್ನು ಯಾವಾಗ ನೋಡಬೇಕು, ಮುಂದಿನ ಸ್ಕ್ಯಾನ್ ಯಾವುದು, ಜೊತೆಗೆ ಯಾರು ಹೋಗುವುದು. ಅದೆಲ್ಲ ಮುಗಿಸಿ ಮಲಗಿದವಳಿಗೆ ಬೆಳಕು ಹರಿದ ಮೇಲೇ ಎಚ್ಚರ. ಅಮ್ಮನೂ ಅಷ್ಟೇ. ಎಷ್ಟೋ ದಿನದ ಮೇಲೆ ಕಣ್ಣು ತುಂಬ ನಿದ್ದೆ ಬಂತು ಎಂದರು.

ಇದು ನನ್ನನ್ನು ಬಹಳ ಕಾಲ ಕಾಡಿತು. ನಾವು ಹೆದರಿದ್ದು ಕ್ಯಾನ್ಸರಿಗೆ ಅಲ್ವಾ? ಹಾಗಿದ್ದರೆ ಅದು ಇದೆ ಎಂದು ಗೊತ್ತಾದ ದಿನ ಹೆದರಿಕೆ ಇನ್ನೂ ಜಾಸ್ತಿಯಾಗಬೇಕಿತ್ತು. ದುಃಖ ಜಾಸ್ತಿಯಾಯಿತು, ನಿಜ. ಆದರೆ ಈ ದುಃಖ ಬೇರೆ, ಹಿಂದಿನ ದಿನಗಳ ತಳಮಳ ಬೇರೆ. ದುಃಖವಾದಾಗ ಅಳಬಹುದು, ಯಾರ ಕೈಯನ್ನಾದರೂ ಹಿಡಿದುಕೊಳ್ಳಬಹುದು, ನಾಳೆ ಏನು ಮಾಡಬೇಕು ಎಂದು ಕೇಳಬಹುದು. ತಳಮಳದ ದಿನಗಳಲ್ಲಿ ಅಳೋಣವೆಂದರೆ ಅಳುವುದಕ್ಕೆ ಕಾರಣ ಇದೆಯೋ ಇಲ್ಲವೋ ಅದೇ ಗೊತ್ತಿರುವುದಿಲ್ಲ. ಸಂತೋಷವಾಗಿ ಇರೋಣವೆಂದರೆ ಅದಕ್ಕೂ ಮನಸ್ಸು ಬಿಡುವುದಿಲ್ಲ.

ಆಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದರು. ಪರದೆಯ ಮೇಲೆ ಕಲ್ಲುಗಳು ಬರುತ್ತವೆ. ಈ ಕಲ್ಲಿನ ಕೆಳಗೆ ಹಾವಿದೆಯೇ ಇಲ್ಲವೇ ಎಂದು ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂಥ ಒಂದು ಶಾಕ್. ಹಾವು ಸಿಗುವ ಸಾಧ್ಯತೆ ಆಟದುದ್ದಕ್ಕೂ ಬದಲಾಗುತ್ತಿತ್ತು. ಆಡುವವರ ಬೆವರು, ಕಣ್ಣಿನ ಪಾಪೆಯ ಅಗಲ ಎಲ್ಲವನ್ನೂ ಅಳೆದರು. ಹೆಚ್ಚು ಒತ್ತಡ ಕಂಡದ್ದು ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಅಲ್ಲ. ಐವತ್ತಕ್ಕೆ ಐವತ್ತು ಇದ್ದಾಗ. ಹೊಡೆಯುತ್ತದೆ ಎಂದು ಗೊತ್ತಿದ್ದರೆ ದೇಹ ಹೇಗೋ ಸಿದ್ಧವಾಗುತ್ತದೆ. ಹೊಡೆಯಬಹುದು, ಹೊಡೆಯದೆಯೂ ಇರಬಹುದು ಎಂದಾಗ ಅದು ಎರಡು ಕಡೆಗೂ ಕಾವಲು ಕಾಯುತ್ತದೆ. ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಇತ್ತು, ನನಗೆ ಅದು ಇನ್ನೂ ಮುಖ್ಯ ಅನಿಸಿತು. ಯಾರ ಒತ್ತಡ ಅನಿಶ್ಚಿತತೆಗೆ ತಕ್ಕಂತೆ ಏರುತ್ತಾ ಇಳಿಯುತ್ತಾ ಇತ್ತೋ ಅವರು ಹಾವನ್ನು ಊಹಿಸುವುದರಲ್ಲೂ ಚುರುಕಾಗಿದ್ದರು. ಅಂದರೆ ಈ ತಳಮಳ ನಮ್ಮ ದೌರ್ಬಲ್ಯ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳಲು ದೇಹ ಪಡುವ ಪಾಡು ಅದು. ಆಟದಲ್ಲಿ ಪ್ರತಿ ಕಲ್ಲಿನಿಂದಲೂ ಏನಾದರೂ ಕಲಿಯಲು ಇರುತ್ತದೆ. ನಮ್ಮ ಕಷ್ಟ ಏನೆಂದರೆ, ವರದಿಗೆ ಕಾಯುವಾಗ ಕಲಿಯಲು ಹೊಸದೇನೂ ಇರುವುದಿಲ್ಲ. ಆದರೂ ದೇಹ ಕಾವಲು ಬಿಡುವುದಿಲ್ಲ.

ಕೆಲಸದಂತೆ ಕಾಣುವ ಚಿಂತೆ

ಚಿಂತೆ ಮಾಡಬೇಡ ಎಂದು ಹೇಳುವವರಿಗೆ ಒಂದು ವಿಷಯ ಕಾಣುವುದಿಲ್ಲ ಅನಿಸುತ್ತದೆ. ಚಿಂತೆ ಮಾಡುತ್ತಿರುವವರಿಗೆ ತಾವು ಸುಮ್ನೆ ಕೂತಿದ್ದೇವೆ ಅನಿಸುವುದೇ ಇಲ್ಲ. ಅವರಿಗೆ ಅದು ಕೆಲಸ. ಹೀಗಾದರೆ ಏನು, ಹಾಗಾದರೆ ಏನು ಎಂದು ಒಂದೊಂದೇ ದಾರಿ ಹಿಡಿದು ಕೊನೆವರೆಗೂ ಹೋಗಿ ನೋಡುತ್ತಿರುತ್ತಾರೆ. ಬಿಟ್ಟುಬಿಡು ಎಂದರೆ ಜವಾಬ್ದಾರಿಯನ್ನೇ ಬಿಟ್ಟುಬಿಡು ಎಂದಂತೆ ಕೇಳಿಸುತ್ತದೆ. ಅಮ್ಮನ ವರದಿಗೆ ಕಾಯುವಾಗ ನನಗೂ ಹಾಗೇ ಇತ್ತು. ನಾನು ಚಿಂತಿಸದೆ ನಗುತ್ತಾ ಕೂತರೆ ಅಮ್ಮನನ್ನು ಒಂಟಿಯಾಗಿ ಬಿಟ್ಟ ಹಾಗೆ ಅನಿಸುತ್ತಿತ್ತು. ಪ್ರೀತಿಯ ಒಂದು ಭಾಗ ಚಿಂತೆಯ ರೂಪದಲ್ಲೇ ಬರುತ್ತದೆ. ಅದನ್ನು ಮೂರ್ಖತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಚಿಂತೆಯನ್ನು ಹಲವು ದಶಕ ಅಧ್ಯಯನ ಮಾಡಿದವರು. ಅವರು ಗಮನಿಸಿದ ಒಂದು ಸಂಗತಿ ಹೀಗಿದೆ. ಚಿಂತೆ ಹೆಚ್ಚಾಗಿ ಮಾತುಗಳಲ್ಲಿ ನಡೆಯುತ್ತದೆ, ಚಿತ್ರಗಳಲ್ಲಿ ಅಲ್ಲ. ಒಳಗೊಳಗೇ ನಾವು ಮಾತಾಡುತ್ತಲೇ ಇರುತ್ತೇವೆ. ಭಯದ ಚಿತ್ರವೊಂದು ಕಣ್ಣ ಮುಂದೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಅದನ್ನೇ ಮಾತಾಗಿಸಿದರೆ ಆ ಹೊಡೆತ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಚಿಂತೆ ಮಾಡುವುದು ಆ ಗಳಿಗೆಗೆ ಭಯದಿಂದ ತಪ್ಪಿಸಿಕೊಳ್ಳುವ ಉಪಾಯವೂ ಆಗುತ್ತದೆ. ತಪ್ಪಿಸಿಕೊಂಡ ಭಯ ಅಲ್ಲೇ ಉಳಿಯುತ್ತದೆ. ಮತ್ತೆ ಬರುತ್ತದೆ, ಮತ್ತೆ ಮಾತು ಶುರು. ನನ್ನ ಆ ರಾತ್ರಿಗಳನ್ನು ನೆನೆದರೆ ಇದು ನೂರಕ್ಕೆ ನೂರು ನಿಜ. ನಾನು ಸಾವಿರ ಮಾತಾಡಿಕೊಂಡೆ. ಆದರೆ ಅಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಬಾಗಿಲ ಮುಂದೆ ನಿಂತ ನನ್ನನ್ನು ಒಮ್ಮೆಯೂ ಕಣ್ಣಾರೆ ಕಲ್ಪಿಸಿಕೊಂಡಿರಲಿಲ್ಲ.

ಇನ್ನೊಂದು ಕಾರಣ ತುಂಬಾ ಸರಳ. ನಾವು ಹೆದರುವ ಬಹುಪಾಲು ಸಂಗತಿಗಳು ನಡೆಯುವುದೇ ಇಲ್ಲ. ಲೂಕಸ್ ಲಾಫ್ರೆನಿಯರ್ ಮತ್ತು ಮಿಶೆಲ್ ನ್ಯೂಮನ್ ಎಂಬ ಸಂಶೋಧಕರು ತೀವ್ರ ಆತಂಕದ ತೊಂದರೆ ಇದ್ದ 29 ಜನರಿಂದ ಅವರ ಚಿಂತೆಗಳನ್ನು ಬರೆಸಿ, ಮುಂದೆ ಏನಾಯಿತು ಎಂದು ನೋಡಿದರು. ನೂರರಲ್ಲಿ 91ರಷ್ಟು ಚಿಂತೆಗಳು ನಿಜವಾಗಲಿಲ್ಲ. ನಡೆಯದೆ ಹೋದ ಪ್ರತಿಯೊಂದರ ನಂತರವೂ ಮನಸ್ಸು ಒಂದು ಗುಟ್ಟಿನ ಲೆಕ್ಕ ಹಾಕುತ್ತದೆ: ಚಿಂತೆ ಮಾಡಿದ್ದಕ್ಕೇ ತಪ್ಪಿತು. ಮುಂದಿನ ಸಲ ಇನ್ನೂ ಜೋರಾಗಿ ಮಾಡುತ್ತದೆ.

ಈ 91ರ ಲೆಕ್ಕವನ್ನು ಧೈರ್ಯ ಹೇಳಲು ಬಳಸುವುದನ್ನು ಅನೇಕ ಕಡೆ ನೋಡಿದ್ದೇನೆ. ತಮ್ಮ ಚಿಂತೆಗಳನ್ನು ಬರೆದಿಟ್ಟು ತಾವೇ ಹೀಗೆ ತಾಳೆ ನೋಡುವವರಿಗೆ ಅದರಿಂದ ಉಪಯೋಗವಿದೆ. ಆ ಅಧ್ಯಯನದಲ್ಲಿ ಹಾಗೆ ನೋಡಿಕೊಂಡವರ ಆತಂಕ ಕಡಿಮೆಯಾಯಿತು. ಆದರೆ ನನ್ನ ಮಟ್ಟಿಗೆ ಅದೊಂದೇ ಸಾಲದು. ನಮ್ಮ ಮನೆಯ ಚಿಂತೆ ಉಳಿದ ಒಂಬತ್ತರಲ್ಲಿ ಇತ್ತು. ಯಾರ ಮನೆಯಲ್ಲೂ ಯಾವಾಗಲಾದರೂ ಒಂದು ಚಿಂತೆ ಆ ಕಡೆಗೆ ಬೀಳುತ್ತದೆ. ಆಗುವುದಿಲ್ಲ ಎಂಬ ನಂಬಿಕೆಯ ಮೇಲೆ ಮಾತ್ರ ಕಟ್ಟಿದ ಧೈರ್ಯ ಆ ದಿನ ಕುಸಿದು ಬೀಳುತ್ತದೆ. ಹಾಗೆ ಆಗಿಬಿಟ್ಟರೂ ನಿಲ್ಲುವಂಥ ಧೈರ್ಯ ಯಾವುದು? ನನಗೆ ಬೇಕಾಗಿದ್ದದ್ದು ಅದು.

“ಏನೂ ಆಗಲ್ಲ ಬಿಡು”

ಇದಕ್ಕೆ ಹಲವು ವರ್ಷ ಮುಂಚಿನ ಮಾತು. ಅಕ್ಕನ ಮಗಳು ದೊಡ್ಡ ಪರೀಕ್ಷೆಯೊಂದನ್ನು ಬರೆದು ನಮ್ಮ ಮನೆಗೆ ಬಂದಿದ್ದಳು. ಫಲಿತಾಂಶಕ್ಕೆ ಇನ್ನೂ ಸಮಯವಿತ್ತು. ಅವಳು ಎಲ್ಲರ ಹಿಂದೆ ಸುತ್ತುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ನಾನು ಪಾಸಾಗ್ತೀನಾ?” ಆಗ್ತೀಯ ಕಣೇ ಎನ್ನುತ್ತಿದ್ದೆವು. ಮುಖ ಅರಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, “ನಿಜವಾಗ್ಲೂ ಆಗ್ತೀನಾ? ಆ ಒಂದು ಲೆಕ್ಕ ತಪ್ಪಾಗಿದ್ರೆ?” ಎನ್ನುತ್ತಿದ್ದಳು. ನಾವು ಹೆಚ್ಚು ಹೆಚ್ಚು ಖಚಿತವಾಗಿ ಹೇಳಿದಷ್ಟೂ ಅವಳು ಬೇಗ ಬೇಗ ವಾಪಸ್ ಬರುತ್ತಿದ್ದಳು. ತುರಿಕೆಯನ್ನು ಕೆರೆದುಕೊಂಡ ಹಾಗೆ, ಆ ಕ್ಷಣಕ್ಕೆ ಹಿತ, ಆಮೇಲೆ ಮೊದಲಿಗಿಂತ ಉರಿ.

ಒಂದು ಸಂಜೆ ಅಮ್ಮ ಬಟ್ಟೆ ಮಡಿಸುತ್ತಾ ಕೂತಿದ್ದರು. ಅವಳು ಅಲ್ಲಿಗೂ ಬಂದು ಅದನ್ನೇ ಕೇಳಿದಳು. ಅಮ್ಮ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. “ನಂಗೆ ಗೊತ್ತಿಲ್ಲಮ್ಮ” ಎಂದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಮ್ಮ ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು, “ಪಾಸಾದ್ರೆ ಮಾರನೇ ದಿನ ಏನ್ ಮಾಡ್ತೀಯ ಹೇಳು. ಆಗದಿದ್ರೆ ಮಾರನೇ ದಿನ ಏನ್ ಮಾಡ್ತೀಯ, ಅದನ್ನೂ ಹೇಳು” ಎಂದರು. ಮೊದಲನೆಯದನ್ನು ಅವಳು ಗಡಗಡ ಹೇಳಿದಳು. ಎರಡನೆಯದಕ್ಕೆ ಮಾತು ಬರಲಿಲ್ಲ. ಅಮ್ಮ ಕಾಯುತ್ತಾ ಕೂತರು. ತುಂಬಾ ಹೊತ್ತಿನ ನಂತರ ಹುಡುಗಿ ಹೇಳಿದಳು. ಮಾರನೇ ದಿನ ತುಂಬಾ ಅಳ್ತೀನಿ. ಫೋನ್ ಸ್ವಿಚ್ ಆಫ್ ಮಾಡ್ತೀನಿ. ಅಪ್ಪನ ಮುಖ ನೋಡೋಕೆ ಆಗಲ್ಲ. ಆಮೇಲೆ... ಮತ್ತೆ ಬರೆಯೋಕೆ ಕೊನೇ ದಿನ ಯಾವುದು ಅಂತ ನೋಡ್ತೀನಿ. “ಅಪ್ಪನ ಹತ್ರ ನಾನು ಮಾತಾಡ್ತೀನಿ. ಆ ದಿನ ನೀನು ಇಲ್ಲೇ ಇರು” ಎಂದರು ಅಮ್ಮ. ಅಷ್ಟೇ. ಆ ರಾತ್ರಿಯಿಂದ ಅವಳು ಆ ಪ್ರಶ್ನೆ ಕೇಳುವುದನ್ನು ಪೂರ್ತಿ ನಿಲ್ಲಿಸಿದಳು ಎಂದೇನೂ ಅಲ್ಲ. ಆದರೆ ಅದರ ಹಿಂದಿನ ಒದ್ದಾಟ ಕಡಿಮೆಯಾಗಿತ್ತು.

ಕೆನಡಾದ ಕ್ವಿಬೆಕ್‌ನಲ್ಲಿ 1990ರ ದಶಕದಲ್ಲಿ ಮಿಶೆಲ್ ದ್ಯುಗಾ, ರಾಬರ್ಟ್ ಲಾದುಸೋರ್ ಮತ್ತು ಅವರ ಸಂಗಡಿಗರು ಇದೇ ವಿಷಯದ ಮೇಲೆ ಕೆಲಸ ಮಾಡಿದರು. ಹೆಚ್ಚು ಚಿಂತೆ ಮಾಡುವವರಿಗೆ ಅಪಾಯಕ್ಕಿಂತ ಅನಿಶ್ಚಿತತೆಯೇ ಸಹಿಸಲಾಗದ ಸಂಗತಿ ಎಂದು ಅವರು ಕಂಡರು. ಹಾಗಾಗಿ ಅವರ ಚಿಕಿತ್ಸೆಯಲ್ಲಿ “ಹೆದರಬೇಡ, ಹಾಗಾಗಲ್ಲ” ಎಂದು ಒಪ್ಪಿಸುವುದು ಮುಖ್ಯವಲ್ಲ. ಗೊತ್ತಿಲ್ಲದೆ ಇರುವುದನ್ನು ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸುತ್ತಾರೆ. ಕಳಿಸಿದ ಇಮೇಲನ್ನು ಮತ್ತೆ ತೆಗೆದು ಓದದೆ ಬಿಡುವುದು. ಒಂದು ಸಣ್ಣ ತೀರ್ಮಾನವನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳುವುದು. ಮನೆಗೆ ತಲುಪಿದೆಯಾ ಎಂದು ಎರಡನೇ ಸಲ ಫೋನ್ ಮಾಡದೆ ಇರುವುದು. ನೋಡಲು ಸಣ್ಣ ಕೆಲಸಗಳು. ಮಾಡಿ ನೋಡಿದರೆ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ನಾನು ಎರಡನೇ ಸಲದ ಫೋನ್ ಬಿಟ್ಟ ದಿನ ಕೈ ಎಷ್ಟು ಸಲ ತಾನಾಗಿ ಫೋನಿನತ್ತ ಹೋಯಿತೋ ಲೆಕ್ಕವಿಲ್ಲ. ಆದರೆ ಆ ಚಡಪಡಿಕೆ ಏರಿ, ಸ್ವಲ್ಪ ಹೊತ್ತು ನಿಂತು, ನಾನು ಏನೂ ಮಾಡದೆಯೇ ಇಳಿಯಿತು. ಅದು ತಾನಾಗಿ ಇಳಿಯುತ್ತದೆ ಎಂಬುದೇ ನನಗೆ ಅದುವರೆಗೆ ಗೊತ್ತಿರಲಿಲ್ಲ. ಇಳಿಯುವ ಮೊದಲೇ ಯಾವಾಗಲೂ ಫೋನ್ ಎತ್ತಿಕೊಂಡಿರುತ್ತಿದ್ದೆ.

ಅಮ್ಮನ ವರದಿಗೆ ಕಾಯುವ ದಿನಗಳಲ್ಲಿ ಬಹಳ ಜನ ಫೋನ್ ಮಾಡಿದರು. ಎಲ್ಲರದೂ ಒಳ್ಳೆಯ ಮನಸ್ಸು. ಏನೂ ಆಗಲ್ಲ, ಬರೀ ಗಂಟು ಇರುತ್ತೆ, ನಮ್ಮವರೊಬ್ಬರಿಗೂ ಹೀಗೇ ಆಗಿತ್ತು ಎನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ಅಮ್ಮ ಇನ್ನೂ ಸಪ್ಪಗಾಗುತ್ತಿದ್ದರು. ಏಕೆಂದರೆ ಏನೂ ಆಗಲ್ಲ ಎಂದವರ ಮುಂದೆ, ಏನಾದರೂ ಆಗಿಬಿಟ್ಟರೆ ಎಂಬ ಮಾತನ್ನು ಎತ್ತಲು ಆಗುವುದಿಲ್ಲ. ಹೆದರಿಕೆಯನ್ನು ಹಂಚಿಕೊಳ್ಳಲು ಇದ್ದ ಬಾಗಿಲು ಅಲ್ಲಿಗೆ ಮುಚ್ಚಿತು. ಅಮ್ಮನ ಹಳೆಯ ಗೆಳತಿಯೊಬ್ಬರು ಮಾತ್ರ ಬೇರೆ ಥರ ಮಾತಾಡಿದರು. “ವರದಿ ಏನಾದ್ರೂ ಬರಲಿ, ವೈದ್ಯರ ಹತ್ರ ಹೋಗೋ ದಿನ ನಾನೂ ಬರ್ತೀನಿ. ದಿನ ಗೊತ್ತಾದ ತಕ್ಷಣ ಹೇಳು” ಎಂದರು. ಅಮ್ಮನ ಮುಖ ಸಡಿಲವಾದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಗೆಳತಿ ಭವಿಷ್ಯದ ಬಗ್ಗೆ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಆ ಭವಿಷ್ಯದಲ್ಲಿ ತಾನು ಎಲ್ಲಿರುತ್ತೇನೆ ಎಂದು ಮಾತ್ರ ಹೇಳಿದ್ದರು. ಅದು ಅವರ ಕೈಯಲ್ಲಿದ್ದ ಮಾತು. ಆದ್ದರಿಂದ ನಂಬಬಹುದಾದ ಮಾತು.

ಕಾಯುವವರ ಪಾಡು

ಕಾಯುವುದಕ್ಕೆ ಏನಾದರೂ ಒಳ್ಳೆಯ ಉಪಾಯ ಇದೆಯೇ ಎಂದು ಹುಡುಕಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಅವರಲ್ಲಿ ಒಬ್ಬರು. ಅಲ್ಲಿ ವಕೀಲರಾಗಲು ಬರೆಯುವ ಪರೀಕ್ಷೆಯ ಫಲಿತಾಂಶಕ್ಕೆ ನಾಲ್ಕು ತಿಂಗಳು ಕಾಯಬೇಕಿತ್ತು. ಹಾಗೆ ಕಾಯುತ್ತಿದ್ದ 230 ಜನರನ್ನು ಅವರ ತಂಡ ಹಿಂಬಾಲಿಸಿತು. ಕೆಲವರು ಯೋಚನೆಯನ್ನು ಒತ್ತಿ ಹಿಡಿದರು. ಕೆಲವರು ಕೆಟ್ಟದ್ದಕ್ಕೆ ಮನಸ್ಸನ್ನು ಮೊದಲೇ ಗಟ್ಟಿ ಮಾಡಿಕೊಂಡರು. ಕೆಲವರು ಫೇಲಾದರೂ ಅದರಲ್ಲಿ ಏನೋ ಒಳ್ಳೆಯದಿದೆ ಎಂದು ಹೇಳಿಕೊಂಡರು. ಈ ಉಪಾಯಗಳಿಂದ ಕಾಯುವ ಸಂಕಟ ಹೆಚ್ಚೇನೂ ಕಡಿಮೆಯಾಗಲಿಲ್ಲ. ಅಷ್ಟೇ ಅಲ್ಲ. ಚೆನ್ನಾಗಿ ಒದ್ದಾಡಿ ಕಾದವರು ಕೆಟ್ಟ ಸುದ್ದಿ ಬಂದಾಗ ಬೇಗ ಸಾವರಿಸಿಕೊಂಡು ಮುಂದಿನ ಕೆಲಸ ಹಿಡಿದರು. ಒಳ್ಳೆಯ ಸುದ್ದಿ ಬಂದಾಗ ಹೆಚ್ಚು ಖುಷಿಪಟ್ಟರು.

ಇದನ್ನು ಓದಿ ನನಗೆ ಸಮಾಧಾನವಾಯಿತು. ಕಾಯುವಾಗ ಒದ್ದಾಡುವುದು ಕಾಯಲು ಬಾರದವರ ಲಕ್ಷಣವಲ್ಲ. ಒದ್ದಾಟದ ಮೇಲೆ, ನಾನೇಕೆ ಇಷ್ಟು ಒದ್ದಾಡುತ್ತೇನೆ ಎಂಬ ಇನ್ನೊಂದು ಒದ್ದಾಟವನ್ನು ಹೇರಿಕೊಳ್ಳುವ ಅಗತ್ಯವಿಲ್ಲ. ಮುಂದಿನ ವರ್ಷಗಳಲ್ಲಿ ಸ್ವೀನಿಯವರ ತಂಡಕ್ಕೆ ಒಂದು ದಾರಿ ಮಾತ್ರ ಪ್ರಯೋಜನಕ್ಕೆ ಬಂದಂತೆ ಕಂಡಿತು. ತನ್ನನ್ನು ತಾನು ಮರೆಯುವಷ್ಟು ಮುಳುಗಿಸುವ ಕೆಲಸ. ಸುಮ್ನೆ ಟೀವಿ ಮುಂದೆ ಕೂರುವುದಲ್ಲ, ಸ್ವಲ್ಪ ಕಷ್ಟ ಕೊಡುವಂಥದ್ದು. ಅಮ್ಮ ಆ ದಿನಗಳಲ್ಲಿ ಹಳೆಯದೊಂದು ಸ್ವೆಟರನ್ನು ಪೂರ್ತಿ ಬಿಚ್ಚಿ ಹೊಸ ಅಳತೆಗೆ ಹೆಣೆಯುತ್ತಿದ್ದರು. ಹೆಣಿಗೆಯ ಲೆಕ್ಕ ತಪ್ಪಬಾರದೆಂದು ನಾವು ಮಾತಾಡಿಸಲೂ ಬಿಡುತ್ತಿರಲಿಲ್ಲ. ಅಮ್ಮನಿಗೆ ಯಾವ ಸಂಶೋಧನೆಯೂ ಬೇಕಾಗಿರಲಿಲ್ಲ.

ನಾನು ಇಟ್ಟುಕೊಂಡ ಅಭ್ಯಾಸಗಳು

ಹಾಗೆಂದು ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಇಷ್ಟೆಲ್ಲ ವಿಚಾರ ನೆರವಿಗೆ ಬರುವುದಿಲ್ಲ. ಆ ಹೊತ್ತಿಗೆ ಸಣ್ಣ ಅಭ್ಯಾಸಗಳೇ ಬೇಕು. ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಒಂದು ಉಪಾಯ ಪರೀಕ್ಷಿಸಿದ್ದರು. ದಿನವೂ ಒಂದೇ ಸಮಯ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂತು ಚಿಂತೆ ಮಾಡುವುದು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ, ಆ ಸಮಯಕ್ಕೆ ನೋಡೋಣ ಎಂದು ಮುಂದಕ್ಕೆ ಹಾಕುವುದು. ಮೊದಲು ಇದು ನನಗೆ ಆಗದ ಮಾತು ಅನಿಸಿತ್ತು. ಬೇಡ ಎಂದು ತಳ್ಳಿದ ಯೋಚನೆ ಹೆಚ್ಚು ಕಾಡುತ್ತದೆ. ಆದರೆ ಆಮೇಲೆ ಎಂದು ಹೇಳಿದ ಯೋಚನೆ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ. ನಾನು ಸಂಜೆ ಕೂರುತ್ತೇನೆ, ನೋಟ್‌ಬುಕ್ ಹಿಡಿದು. ಆದರೆ ಹಾಸಿಗೆಯ ಮೇಲೆ ಕೂರುವುದಿಲ್ಲ. ಹಗಲು ಬೆಟ್ಟದಷ್ಟು ಕಂಡದ್ದು ಬರೆಯುವಾಗ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಎಲ್ಲವೂ ಹಾಗಲ್ಲ. ಕೆಲವು ಬರೆದಷ್ಟೂ ಬೆಳೆಯುತ್ತವೆ. ಆಗ ನಾಳೆ ಮಾಡಬಹುದಾದ ಒಂದು ಕೆಲಸವನ್ನು ಕೆಳಗೆ ಬರೆದು ಪುಸ್ತಕ ಮುಚ್ಚುತ್ತೇನೆ. 2018ರಲ್ಲಿ ಮೈಕಲ್ ಸ್ಕಲಿನ್ ಎಂಬವರ ತಂಡ 57 ಯುವಕ ಯುವತಿಯರ ಮೇಲೆ ನಡೆಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ತಿಂಗಳುಗಟ್ಟಲೆ ದಿನವೂ ಚಿಂತೆ, ನಿದ್ದೆಯಿಲ್ಲ, ಮೈಕೈ ಬಿಗಿತ, ಯಾವ ಕೆಲಸಕ್ಕೂ ಮನಸ್ಸು ನಿಲ್ಲುವುದಿಲ್ಲ ಎಂದಾದರೆ ನೋಟ್‌ಬುಕ್ಕನ್ನು ನಂಬಿ ಕೂರಬೇಡಿ. ಆರು ತಿಂಗಳು ಹೀಗೆ ಮುಂದುವರಿದರೆ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಬೇರೆಯದೇ ಹೆಸರಿದೆ, ಚಿಕಿತ್ಸೆ ಇದೆ. ಆರು ತಿಂಗಳು ತುಂಬಲಿ ಎಂದು ಕಾಯುವ ಅಗತ್ಯವೂ ಇಲ್ಲ. ಮಾತಿನ ಚಿಕಿತ್ಸೆಯಿಂದಲೂ ಔಷಧಿಯಿಂದಲೂ ಬಹಳ ಜನ ಚೇತರಿಸಿಕೊಂಡಿದ್ದಾರೆ. ನನಗೆ ಗೊತ್ತಿರುವ, ಪ್ರೀತಿಸುವ ಜನರೂ ಅವರಲ್ಲಿದ್ದಾರೆ.

ತಾರೀಖಿಲ್ಲದ ಚಿಂತೆಗಳು

ವರದಿಗೆ, ಫಲಿತಾಂಶಕ್ಕೆ ಒಂದು ದಿನವಾದರೂ ಇರುತ್ತದೆ. ನನ್ನನ್ನು ಈಗ ಹೆಚ್ಚು ಕಾಡುವುದು ದಿನ ಗೊತ್ತಿಲ್ಲದವು. ವಯಸ್ಸಾದ ಮೇಲೆ ನಮ್ಮನ್ನು ಯಾರು ನೋಡಿಕೊಳ್ಳುತ್ತಾರೆ. ನಾನು ಕಲಿತ ಕೆಲಸ ಇನ್ನು ಹತ್ತು ವರ್ಷಕ್ಕೆ ಯಾರಿಗಾದರೂ ಬೇಕಾಗಿರುತ್ತದೆಯೇ. ಬಿಸಿಲು ಹೀಗೇ ಏರುತ್ತಾ ಹೋದರೆ ಮಕ್ಕಳ ಪಾಲಿಗೆ ಏನು ಉಳಿದಿರುತ್ತದೆ. ಇವುಗಳಿಗೆ ಯಾರೂ ಲಕೋಟೆಯಲ್ಲಿ ಉತ್ತರ ಕಳಿಸುವುದಿಲ್ಲ. ಬದುಕಿರುವವರೆಗೂ ಇವುಗಳ ಜೊತೆಯಲ್ಲೇ ಇರಬೇಕು.

ಇವನ್ನು ಯೋಚಿಸುವಾಗ ಡೇನಿಯಲ್ ಗಿಲ್ಬರ್ಟ್, ತಿಮೊತಿ ವಿಲ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನಗಳು ನನಗೆ ನೆನಪಾಗುತ್ತವೆ. ಕೆಲಸ ಕಾಯಂ ಆಗದಿದ್ದರೆ, ಪ್ರೀತಿ ಮುರಿದರೆ ಎಷ್ಟು ಕಾಲ ದುಃಖದಲ್ಲಿರುತ್ತೇವೆ ಎಂಬುದನ್ನು ಜನ ತುಂಬಾ ಹೆಚ್ಚಾಗಿ ಅಂದಾಜು ಮಾಡಿದ್ದರು. ನಡೆದದ್ದನ್ನು ಅರಗಿಸಿಕೊಳ್ಳುವ ಶಕ್ತಿ ಮನಸ್ಸಿಗೆ ಇದೆ ಎಂಬುದನ್ನು ಮುಂದಾಗಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಎಲ್ಲ ನಷ್ಟಗಳೂ ಹೀಗೆ ಅರಗುತ್ತವೆ ಎಂದು ನಾನು ಹೇಳುವುದಿಲ್ಲ. ಕೆಲವು ಅರಗುವುದಿಲ್ಲ. ಆದರೆ ಆಪರೇಷನ್ನಿನ ದಿನ ಆ ಬಾಗಿಲ ಮುಂದೆ ನಿಂತವಳು, ರಾತ್ರಿಗಳಲ್ಲಿ ಹೆದರಿ ಒದ್ದಾಡಿದ ಅದೇ ಹುಡುಗಿಯಾಗಿರಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ವೈದ್ಯರ ಮುಖ ಪರಿಚಯವಿತ್ತು. ಯಾವ ಕಾಗದ ಯಾವ ಫೈಲಿನಲ್ಲಿದೆ ಎಂದು ಗೊತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಅಮ್ಮನ ಗೆಳತಿ, ಹೇಳಿದಂತೆ, ಬಂದು ಕೂತಿದ್ದರು. ಚಿಂತೆಯಲ್ಲಿ ನಾನು ಭವಿಷ್ಯಕ್ಕೆ ಹೋಗುವಾಗ ಇವತ್ತಿನ ಬರಿಗೈಯಲ್ಲಿ ಒಬ್ಬಳೇ ಹೋಗುತ್ತಿದ್ದೆ. ನಿಜವಾದ ಆ ದಿನಕ್ಕೆ ಹೋದಾಗ ಕೈಯಲ್ಲಿ ಇಷ್ಟೆಲ್ಲ ಇತ್ತು.

ಅದಕ್ಕೇ ಈಗ ದೊಡ್ಡ ಚಿಂತೆಗಳು ಬಂದಾಗ, ಏನಾಗುತ್ತದೆ ಎಂಬ ಪ್ರಶ್ನೆಯ ಪಕ್ಕದಲ್ಲಿ, ಆಗ ಜೊತೆಗೆ ಯಾರಿರುತ್ತಾರೆ ಎಂದೂ ಕೇಳಿಕೊಳ್ಳುತ್ತೇನೆ. ಇದಕ್ಕೆ ಕೆಲಸವೂ ಬೇಕು. ಜನ ತಾವಾಗಿ ಉಳಿಯುವುದಿಲ್ಲ. ಮಾತಾಡದೆ ವರ್ಷವಾದವರಿಗೆ ಫೋನ್ ಮಾಡಬೇಕು. ಅಣ್ಣತಮ್ಮಂದಿರ ಹಳೆಯ ಮುನಿಸು ಇದ್ದರೆ ಮುಗಿಸಬೇಕು. ಅವರ ಕಷ್ಟಕ್ಕೆ ನಾವು ಹೋಗಿ ಕೂರಬೇಕು. ವಯಸ್ಸಾದ ಮೇಲೆ ಏನು ಎಂಬ ಚಿಂತೆಗೆ ನಾನು ಇವತ್ತು ಮಾಡಬಹುದಾದದ್ದರಲ್ಲಿ, ಹಣ ಉಳಿಸುವುದನ್ನು ಬಿಟ್ಟರೆ, ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ.

ಗೆಳೆಯನೊಬ್ಬನ ಕೆಲಸ ಈಗ ತೂಗುಯ್ಯಾಲೆಯಲ್ಲಿದೆ. ಕಂಪನಿಯಲ್ಲಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ಮುಂದಿನ ತಿಂಗಳು ಗೊತ್ತಾಗುತ್ತದಂತೆ. ಮೊನ್ನೆ ಫೋನ್ ಮಾಡಿ, ನಿನಗೇನನಿಸುತ್ತೆ, ಉಳಿಯುತ್ತಾ ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಹೋದರೆ ಎಷ್ಟು ತಿಂಗಳು ಮನೆ ನಡೆಯುತ್ತದೆ, ಮನೆಯವರಿಗೆ ಹೇಳಿದ್ದೀಯಾ, ಮೊದಲು ಯಾರನ್ನು ಕೇಳುತ್ತೀಯ ಎಂದು ವಿಚಾರಿಸಿದೆ. ಅವನು ಒಂದೊಂದಾಗಿ ಹೇಳಿದ. ಮನೆಯವರಿಗೆ ಇನ್ನೂ ಹೇಳಿರಲಿಲ್ಲ. ಅಂದು ರಾತ್ರಿಯೇ ಹೇಳುತ್ತೇನೆ ಎಂದ. ತೀರ್ಮಾನ ಯಾವುದೇ ಬರಲಿ, ಬಂದ ಸಂಜೆ ಅವನ ಮನೆಗೆ ಹೋಗುತ್ತೇನೆ ಎಂದು ಹೇಳಿದ್ದೇನೆ.